ಬಗ್ಗಿದ ಬೆನ್ನಿಗೊಂದು ಬಣ್ಣ

ಗಂಗಾವತಿಯ ರೈಸ್‌ಮಿಲ್ಲುಗಳ ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ಕಳಕೇಶನ ಅಂಗಡಿ ಇದೆ. ಬೋರ್ಡಿನ ಮೇಲೆ ಅವನ ಹೆಂಡತಿಯ ಹೆಸರಿದೆ: ‘ದ್ರಾಕ್ಷಾಯಿಣಿ ಸ್ಕ್ರೀನ್ ಪ್ರಿಂಟರ್ಸ್’. ಊರವರು ಮಾತ್ರ ಹೋದ ವರ್ಷದಿಂದ ಅದನ್ನು ‘ಏಳನೇ ನಂಬರ್ ಅಂಗಡಿ’ ಎನ್ನುತ್ತಾರೆ. ಓಣಿಯಲ್ಲಿ ಅದು ಮೂರನೆಯದು.

ಆ ಏಳರ ಕತೆ ಕಬಡ್ಡಿಯದು. ಹೋದ ವರ್ಷ ಸಿದ್ದೇಶನೆಂಬ ಹುಡುಗ, ಊರ ಕಬಡ್ಡಿ ತಂಡದ ನಾಯಕ, ತನ್ನ ತಂಡದ ಬನಿಯನ್ನುಗಳಿಗೆ ನಂಬರು ಹಾಕಿಸಿಕೊಂಡು ಹೋದ. ದಪ್ಪ ರಬ್ಬರ್ ಬಣ್ಣ, ಹೊಳೆಯುವ ಬಿಳುಪು. ಆ ಬಣ್ಣವನ್ನು ಮಾರಿದವನು ಇದಕ್ಕೆ ಬಿಸಿ ಮಷೀನು ಬೇಕು, ಇಲ್ಲದಿದ್ದರೆ ಬೇಯುವುದಿಲ್ಲ ಎಂದು ಎರಡು ಸಲ ಹೇಳಿದ್ದ. ಕಳಕೇಶ ನಕ್ಕಿದ್ದ. “ನಮ್ಮ ಕೊಪ್ಪಳ ಜಿಲ್ಲಾದಾಗ ಮಷೀನ್ ಬೇಕೇನ್ರಿ? ಮ್ಯಾಲ ಒಬ್ಬ ಅದಾನ, ದಿನಾ ಪುಕಟ್ ಉರಿತಾನ” ಎಂದಿದ್ದ. ಬನಿಯನ್ನುಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮೇಲೆ ಹಾಸಿದ್ದ. ಸಂಜೆ ಮುಟ್ಟಿ ನೋಡಿದರೆ ಬಣ್ಣ ಕೈಗೆ ಅಂಟಲಿಲ್ಲ. ಒಣಗಿದೆ ಎಂದುಕೊಂಡ. ಮೇಲ್ಪದರ ಒಣಗಿತ್ತು, ಒಳಗೆ ಹಸಿಯಾಗಿತ್ತು.

ತಾವರಗೇರಾದ ಪಂದ್ಯದಲ್ಲಿ ಸಿದ್ದೇಶ ರೈಡಿಗೆ ಹೋದ. ಎದುರಿನವನೊಬ್ಬ ಬೆನ್ನಿಗೆ ಕೈ ಹಾಕಿ ಹಿಡಿದ. ಸಿದ್ದೇಶ ಜಾರಿ ತಪ್ಪಿಸಿಕೊಂಡು ಬಂದ, ಆದರೆ ಅವನ ಏಳು ಎದುರಿನವನ ಕೈಯಲ್ಲೇ ಉಳಿಯಿತು. ಪೂರ್ತಿ ಏಳು, ಒಂದು ಮೂಲೆಯೂ ಮುರಿಯದೆ. ಪಂದ್ಯ ನೋಡಲು ಬಂದಿದ್ದ ಕಳಕೇಶನ ಎದುರೇ ಜನ ಬಿದ್ದು ಬಿದ್ದು ನಕ್ಕರು. ಸಿದ್ದೇಶ ಆ ಏಳನ್ನು ಇಸಿದುಕೊಂಡು ಬಂದು ತನ್ನ ಮೋಟರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿಕೊಂಡ. ಕಳಕೇಶನ ಅಂಗಡಿ ಮುಂದೆ ಹಾಯುವಾಗಲೆಲ್ಲ ಹಾರ್ನ್ ಹೊಡೆದು ಟ್ಯಾಂಕನ್ನು ತಟ್ಟುತ್ತಿದ್ದ.

“ಕಳಕೇಶಣ್ಣಾ, ಇಲ್ಲಿ ಭಾಳ ಗಟ್ಟಿ ಕುಂತೈತಿ ನೋಡು!”

ಅಂದಿನಿಂದ ಮದುವೆಯ ತಾಂಬೂಲದ ಚೀಲ, ಬ್ಯಾನರು ಬಂದವೇ ಹೊರತು ಉಡುವ ಬಟ್ಟೆಯೊಂದೂ ಅವನ ಮೇಜಿಗೆ ಬರಲಿಲ್ಲ.

ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದಕ್ಕೆ ಕಾರಣವಿತ್ತು. ಕಳಕೇಶ ತಾವರಗೇರಾದಿಂದ ಹದಿನೆಂಟನೆಯ ವಯಸ್ಸಿಗೆ ಹಮಾಲಿ ಮಾಡಲು ಬಂದವನು. ಮಿಲ್ಲಿನ ಮೂಲೆಯಲ್ಲಿ ಒಬ್ಬ ಮುದುಕ ಜಾಳಿಗೆ ಕಟ್ಟಿದ ಮರದ ಚೌಕಟ್ಟನ್ನು ಗೋಣಿಚೀಲದ ಮೇಲಿಟ್ಟು, ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆಯುವುದನ್ನು ಅವನು ಕಂಡ. ಚೌಕಟ್ಟು ಎತ್ತಿದಾಗ ಬರಿಯ ಚೀಲದ ಮೇಲೆ ಎರಡು ಗಿಳಿಗಳು ಕುಳಿತಿದ್ದವು. ಹೊತ್ತ ಮೂಟೆಯನ್ನು ಇಳಿಸುವುದನ್ನು ಮರೆತು ನಿಂತೇ ನೋಡಿದ. ಮರುದಿನದಿಂದ ಊಟದ ಹೊತ್ತಿನಲ್ಲಿ ಮುದುಕನ ಪಕ್ಕ ಕೂತ. ಮುಂದೆ ಇಪ್ಪತ್ತು ವರ್ಷ ಅವನೇ ಗಿಳಿಗಳನ್ನು ಕೂರಿಸಿದ, ಬಿಸಿಲಿಗೆ ಒಣಗಿಸಿದ. ಅವನ ಗಿಳಿಗಳು ಲಾರಿ ಹತ್ತಿ ಅವನು ಕಾಣದ ಊರುಗಳಿಗೆ ಹೋದವು. ಆಮೇಲೆ ಮಿಲ್ಲುಗಳಿಗೆ ಮಷೀನಿನಲ್ಲೇ ಅಚ್ಚಾದ ಪ್ಲಾಸ್ಟಿಕ್ ಚೀಲಗಳು ಬಂದವು. ಕಳಕೇಶ ಬೇಸರ ಮಾಡಿಕೊಳ್ಳದೆ ಸ್ವಂತ ಅಂಗಡಿ ಹಾಕಿದ. ಚೀಲದ ಮೇಲೆ ಹಾಕಿದ್ದು ಅಕ್ಕಿ ಮುಗಿದ ದಿನ ಮೂಲೆಗೆ ಹೋಗುತ್ತದೆ. ಮನುಷ್ಯರ ಮೈಮೇಲೆ ನಡೆದಾಡುವಂಥದ್ದು ಒಂದಾದರೂ ತನ್ನ ಕೈಯಿಂದ ಆಗಬೇಕು, ಅದು ಬಹಳ ದಿನ ಇರಬೇಕು ಎಂಬುದು ಅವನ ಆಸೆ. ಮೊದಲ ಸಲ ಮೈಮೇಲೆ ಹಾಕಿದ್ದೇ ಕೈಗೆ ಬಂದಿತ್ತು.

ಈ ವರ್ಷ ಮೇ ತಿಂಗಳ ಕೊನೆಗೆ ಅಂಗಡಿಯ ಮುಂದೆ ಒಂದು ಟಂಟಂ ಆಟೋ ನಿಂತಿತು. ಏಳೆಂಟು ಹೆಂಗಸರು ಇಳಿದರು. ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು. ಗದ್ದೆ ಕೆಲಸಕ್ಕೆ ಬರುವವರ ಉಡುಪು ಅದು. ಬಿಸಿಲು, ಮುಳ್ಳು, ಕೆಸರು ಎಲ್ಲವನ್ನೂ ಆ ಅಂಗಿಯೇ ತಡೆಯಬೇಕು. ಮುಂದೆ ಬಂದವಳು ನಲವತ್ತೈದರ ಆಸುಪಾಸಿನ ಎತ್ತರದ ಹೆಂಗಸು.

“ಅಣ್ಣಾರ, ನಾ ಹುಲಗಮ್ಮ ಅಂತ. ತಾವರಗೇರಾ ಕಡಿಯಾಕಿ. ನೆಲ್ಲು ಹಚ್ಚಾಕ ವರ್ಷಾ ಇಲ್ಲಿಗೆ ಬರ್ತೀವಿ. ಅಂಗಿ ಮ್ಯಾಲ ಹೆಸರು ಹಾಕ್ತೀರೇನ್ರಿ?”

ಕಳಕೇಶನ ಎದೆ ಹಾರಿತು. ತನ್ನೂರ ಕಡೆಯವರು ಎಂಬುದಕ್ಕೂ, ಅಂಗಿ ಎಂಬ ಮಾತಿಗೂ. “ಯಾರ ಅಂಗಿ ಅವ್ವಾ?”

“ನಮ್ಮವ. ಹೊಸಾವು ಹೊಲಸ್ತೀವಿ, ಇಪ್ಪತ್ನಾಕು. ಸಾಕಾತು ಗಂಡಂದಿರ ಹರಕಂಗಿ ತೊಟ್ಟು.”

“ಈಕಿ ಗಂಡನ ಅಂಗಿ ಬಗಲಾಗ ಹೋಗೇತ್ರಿ, ಅವನ ಬುದ್ಧಿ ಹೋದಂಗ” ಎಂದು ಹಿಂದಿನಿಂದ ಒಬ್ಬಳು ಅಂದಳು. ಎಲ್ಲರೂ ನಕ್ಕರು.

ಹುಲಗಮ್ಮ ನಗು ಮುಗಿಯಲು ಬಿಟ್ಟು ವಿಷಯ ಹೇಳಿದಳು. ಇಷ್ಟು ವರ್ಷ ರೈತರ ಫೋನು ಹೋಗುತ್ತಿದ್ದುದು ಮೇಸ್ತ್ರಿ ಯಂಕೋಬನಿಗೆ. ಅವನು ಯಾವ ಗದ್ದೆ ತೋರಿಸುತ್ತಾನೋ ಅಲ್ಲಿ ಇವರು ಇಳಿಯಬೇಕು. “ದಾರ ಹಿಡದಂಗ ಸಾಲು ಹಚ್ಚೋರು ನಾವು, ಹೆಸರು ಯಂಕೋಬಂದು. ಗದ್ದಿಯವ್ರಿಗೆ ನಾವು ಯಾರಂತನ ಗೊತ್ತಿಲ್ಲ. ಅದಕ ಬೆನ್ನ ಮ್ಯಾಲ ದೊಡ್ಡದಾಗಿ ‘ಹುಲಗಮ್ಮನ ಗುಂಪು’ ಅಂತ, ಕೆಳಗ ನನ್ನ ಫೋನ್ ನಂಬರ್. ಡ್ಯಾಮಿನ ನೀರು ಕಾಲುವಿಗೆ ಬಿಡೋದ್ರೊಳಗ ಬೇಕ್ರಿ.”

“ಎದಿ ಮ್ಯಾಲ ಬ್ಯಾಡೇನು?”

“ನಮ್ಮ ಮುಖಾ ಯಾರು ನೋಡ್ತಾರ್ರಿ? ದಿನಾ ಪೂರಾ ಬೆನ್ನ ಕಾಣೋದು. ಇನ್ನೊಂದೈತಿ, ಬರಿಯಾದು ತಲಿಕೆಳಗ ಬರಿಬೇಕು.”

ಕಳಕೇಶ ಆಕೆಯ ಮುಖ ನೋಡಿದ. ತಮಾಷೆಯೇನೂ ಇರಲಿಲ್ಲ. ಹುಲಗಮ್ಮ ಅಂಗಡಿಯ ನಡುವೆ ನಿಂತು, ಸೊಂಟ ಮುರಿದು ಬಗ್ಗಿ, ಇಲ್ಲದ ಸಸಿಯೊಂದನ್ನು ಸಿಮೆಂಟ್ ನೆಲಕ್ಕೆ ಊರಿದಳು. ಬಗ್ಗಿಕೊಂಡೇ ಕೇಳಿದಳು. “ಈಗ ನೀವು ಗದ್ದಿಯವ್ರು. ಮುಂದಿನ ಬದುವಿನ ಮ್ಯಾಲ ನಿಂತು ಸಾಲು ನೆಟ್ಟಗ ಅದಾವೋ ಇಲ್ಲೋ ನೋಡಾಕತ್ತೀರಿ. ನಾವು ನಿಮಗ ಮುಖಾ ಮಾಡಿ ಹಿಂದಕ ಸರಕೋತ ಹೊಂಟೀವಿ. ನನ್ನ ಕುತ್ತಿಗಿ ನಿಮ್ಮ ಕಡಿ ಐತಿ. ನೆಟ್ಟಗ ಬರದ್ರ ನಿಮಗ ಹ್ಯಾಂಗ ಕಾಣತೈತಿ?”

“ತಲಿಕೆಳಗ” ಎಂದ ಕಳಕೇಶ.

“ಹಂ. ಅದಕ.” ಹುಲಗಮ್ಮ ಎದ್ದು ಸೊಂಟಕ್ಕೆ ಕೈ ಕೊಟ್ಟಳು. “ನೆಟ್ಟಗ ನಿಂತಾಗ ನಮ್ಮನ್ನ ಯಾರು ಕೇಳ್ತಾರ್ರಿ?”

ಒಳಗಿನಿಂದ ದ್ರಾಕ್ಷಾಯಿಣಿ ಚಹಾ ತಂದಳು. ಚಹಾ ಕುಡಿಯುತ್ತ ಹುಲಗಮ್ಮ ನಂಬರು ಬರೆಸಿದಳು. ಅದರಲ್ಲಿ ಮೂರು ಏಳುಗಳಿದ್ದವು. ಕಳಕೇಶನ ಕೈ ಒಂದು ಗಳಿಗೆ ನಿಂತಿತು.

“ಒಂದಂಕಿ ಅಳಿಸಿದ್ರೂ ಫೋನ್ ಬ್ಯಾರೆದವ್ರಿಗೆ ಹೊಕ್ಕೈತಿ ಅಣ್ಣಾ” ಎಂದಳು ಹುಲಗಮ್ಮ, ಲೋಟ ಕೆಳಗಿಡುತ್ತ. “ಕಬಡ್ಡಿ ಕತಿ ಕೇಳೀನಿ. ಆದ್ರೂ ಬಂದೀನಿ.”

“ಯಾಕ ಬಂದಿ ಮತ್ತ?”

“ಆ ದಿನ ಮಂದಿ ನಕ್ಕಾಗ ನೀವು ಓಡಿ ಹೋಗಲಿಲ್ಲಂತ. ಉಳಿದ ಬನಿಯನ್ ಎಲ್ಲಾ ವಾಪಸ್ ತಗೊಂಡು ಹೋದ್ರಂತ. ಓಡಿ ಹೋಗೋರ ಕೂಡ ನಮಗ ಭಾಳ ಕೆಲಸ ಬಿದ್ದೈತಿ.”

ಅವರು ಹೋದ ಮೇಲೆ ಕಳಕೇಶ ಬಣ್ಣದ ಡಬ್ಬಿಗಳನ್ನು ಮೇಜಿನ ಮೇಲೆ ತೆಗೆದಿಟ್ಟ. ಅವನಿಗೆ ಗೊತ್ತಿದ್ದ ದಾರಿಗಳು ಮೂರು. ಒಂದು ಅದೇ ರಬ್ಬರ್ ಬಣ್ಣ. ಬಟ್ಟೆಯ ಮೇಲೆ ದಪ್ಪಗೆ ಕೂರುತ್ತದೆ, ಯಾವ ಬಣ್ಣದ ಬಟ್ಟೆಯ ಮೇಲೂ ಎದ್ದು ಕಾಣುತ್ತದೆ, ಆದರೆ ಚೆನ್ನಾಗಿ ಬೇಯಬೇಕು. ಎರಡನೆಯದು ಕೊಪ್ಪಳದಲ್ಲಿ ಹೊಸದಾಗಿ ಬಂದಿರುವ ಸ್ಟಿಕ್ಕರ್. ಹಾಳೆಯ ಮೇಲೆ ಮೊದಲೇ ಅಚ್ಚಾಗಿರುತ್ತದೆ, ಬಿಸಿ ಮಷೀನಿನಿಂದ ಒತ್ತಿ ಅಂಟಿಸುತ್ತಾರೆ, ಕನ್ನಡಿಯ ಹಾಗೆ ಹೊಳೆಯುತ್ತದೆ. ಮೂರನೆಯದು ನೀರಿನ ಬಣ್ಣ. ನೂಲಿನೊಳಕ್ಕೆ ಇಳಿಯುತ್ತದೆ. ಹೊಳೆಯುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಕಾಣುವುದೂ ಇಲ್ಲ. ಅದನ್ನು ಅವನು ತೀರಾ ಬಡ ಬಣ್ಣವೆಂದು ಮೂಲೆಗಿಟ್ಟಿದ್ದ.

ಮೊದಲಿನ ಕಳಕೇಶನಾಗಿದ್ದರೆ ಆ ಸಂಜೆಯೇ ಒಂದನ್ನು ಆರಿಸಿ ಶುರು ಮಾಡಿಬಿಡುತ್ತಿದ್ದ. ಈ ಸಲ ಕೊಪ್ಪಳದ ಬಸ್ಸು ಹತ್ತಿದ. ಗಿಣಿಗೇರಾ ದಾಟುವಾಗ ಕಾರ್ಖಾನೆಯ ಕೆಲಸಗಾರರು ಪಾಳಿ ಮುಗಿಸಿ ಬಸ್ಸು ಹತ್ತಿದರು. ಅವರ ನೀಲಿ ಅಂಗಿಗಳ ಬೆನ್ನನ್ನು ಒಂದೊಂದಾಗಿ ನೋಡಿದ. ಅಕ್ಷರ ಎಲ್ಲಿ ಬಿರಿದಿವೆ, ಎಲ್ಲಿ ಅಳಿಸಿವೆ, ಸೀಟಿಗೆ ಒರಗುವ ಜಾಗದಲ್ಲಿ ಏನಾಗಿದೆ. ಒಬ್ಬ ತಿರುಗಿ ಕೇಳಿದ, “ಏನ್ರಿ, ನನ್ನ ಬೆನ್ನಾಗ ಏನರ ಹರದಾಡಾಕತ್ತೈತೇನು?”

“ಇಲ್ರಿ, ಓದಾಕತ್ತಿದ್ದೆ” ಎಂದ ಕಳಕೇಶ.

ಕೊಪ್ಪಳದಲ್ಲಿ ಒಂದು ತುಂಡು ಬಟ್ಟೆಯ ಮೇಲೆ ಸ್ಟಿಕ್ಕರ್ ಒತ್ತಿಸಿದ, ಇನ್ನೊಂದರ ಮೇಲೆ ಹಾಕಿಕೊಂಡು ಹೋಗಿದ್ದ ರಬ್ಬರ್ ಬಣ್ಣವನ್ನು ಅದೇ ಮಷೀನಿನಲ್ಲಿ ಸರಿಯಾಗಿ ಬೇಯಿಸಿಕೊಂಡ. ಮನೆಗೆ ಬಂದು ಮೂರನೆಯ ತುಂಡಿನ ಮೇಲೆ ನೀರಿನ ಬಣ್ಣ ಎಳೆದ. ಮೂರರಲ್ಲೂ ಬರೆದದ್ದು ಒಂದೇ ಅಂಕಿ, ಏಳು. ದ್ರಾಕ್ಷಾಯಿಣಿ ಆ ಮೂರು ತುಂಡುಗಳನ್ನು ಹುಲಗಮ್ಮನಿಂದ ತರಿಸಿಕೊಂಡ ಅವಳ ಗಂಡನ ಹಳೆಯ ಅಂಗಿಯೊಂದರ ಬೆನ್ನಿಗೆ ಸಾಲಾಗಿ ಹೊಲಿದಳು.

“ಹದಿನೈದು ದಿನ ಇದನ್ನ ತೊಟ್ಟು ದುಡಿ. ನೀ ಹ್ಯಾಂಗ ಒಗಿತೀಯೋ ಹಂಗ ಒಗಿ. ನನ್ನ ಮಾತು ಕೇಳಬ್ಯಾಡ, ನಿನ್ನ ಬೆನ್ನಿನ ಮಾತು ಕೇಳು” ಎಂದು ಕಳಕೇಶ ಹೇಳಿ ಕಳಿಸಿದ.

ಹುಲಗಮ್ಮ ಊರಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಿದ್ದಳು. ಬದು ಅಗೆಯುವುದು, ಮಣ್ಣು ಹೊರುವುದು. ಮೂರು ಏಳುಗಳನ್ನು ಬೆನ್ನಿಗೆ ಹೊತ್ತು ಹದಿನೈದು ದಿನ ಅಗೆದಳು. ಸಂಜೆ ಅಂಗಿಯನ್ನು ಕಲ್ಲಿಗೆ ಬಡಿದು ಒಗೆದಳು. ಹದಿನಾರನೆಯ ದಿನ ಬಂದು ಅಂಗಿಯನ್ನು ಮೇಜಿನ ಮೇಲೆ ಹಾಸಿದಳು.

ಸ್ಟಿಕ್ಕರ್ ಏಳು ಹೊಸದರಂತೆಯೇ ಹೊಳೆಯುತ್ತಿತ್ತು. ಕಳಕೇಶನ ಮುಖ ಬಾಡಿತು. ಬೇರೆಯವರ ಅಂಗಡಿಯದೇ ಗೆದ್ದಿತು ಎಂದುಕೊಂಡ.

“ಹೊಳೀಲಿ ಬಿಡ್ರಿ” ಎಂದಳು ಹುಲಗಮ್ಮ. “ಅದರ ಕೆಳಗ ನನ್ನ ಬೆನ್ನು ಬೆಂದು ಬದನಿಕಾಯಿ ಆಗೇತಿ. ಗಾಳಿ ಆಡಂಗಿಲ್ಲ, ಬೆವರು ಹೊರಗ ಬರಂಗಿಲ್ಲ. ಬೆವರುಸಾಲಿ ಎದ್ದೈತಿ, ಅದೂ ಏನು, ಚೌಕ! ಗೆರಿ ಹೊಡದಂಗ. ದ್ರಾಕ್ಷವ್ವಾ, ಒಳಗ ಬಾ, ತೋರಸ್ತೀನಿ.”

ಒಳಗಿನಿಂದ ದ್ರಾಕ್ಷಾಯಿಣಿಯ ನಗು ಕೇಳಿತು. “ಖರೇ ರೀ, ಸ್ಕೇಲ್ ಇಟ್ಟು ಬರದಂಗ ಐತಿ!”

ನಡುವಿನ ರಬ್ಬರ್ ಏಳು ಉದುರಿರಲಿಲ್ಲ, ಬೆಂದದ್ದರಿಂದ ಗಟ್ಟಿಯಾಗಿಯೇ ಹಿಡಿದಿತ್ತು. ಆದರೆ ಬಗ್ಗಿ ಎದ್ದು, ಕಲ್ಲಿಗೆ ಬಡಿಸಿಕೊಂಡು, ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಇದೂ ಬೆನ್ನನ್ನು ಕಾಯಿಸುತ್ತದೆ, ಸ್ಟಿಕ್ಕರಿನಷ್ಟಲ್ಲ ಎಂದು ಹುಲಗಮ್ಮನ ತೀರ್ಪು.

“ಮೂರನೇದು?”

ಹುಲಗಮ್ಮ ಅಂಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಮೂರನೇದು ಐತೋ ಇಲ್ಲೋ ನನಗ ಗೊತ್ತ ಆಗಲಿಲ್ಲ. ಒಂದೆರಡು ಸಲ ಬಿದ್ದು ಹೋಗೇತೇನಂತ ಕೈ ಹಿಂದ ಹಾಕಿ ನೋಡೀನಿ. ಕೈಗೂ ಗೊತ್ತಾಗಂಗಿಲ್ಲ. ನೋಡಿದ್ರ ಐತಿ!”

ಕಳಕೇಶ ಆ ಬಡ ಏಳಿನ ಮೇಲೆ ಬೆರಳಾಡಿಸಿದ. ಬಟ್ಟೆ ಬಟ್ಟೆಯಾಗಿಯೇ ಇತ್ತು. ಬಣ್ಣ ಅದರ ಮೇಲೆ ಸವಾರಿ ಮಾಡದೆ ಅದರೊಳಗೆ ಮನೆ ಮಾಡಿಕೊಂಡಿತ್ತು. ಇಷ್ಟು ವರ್ಷ ಅವನು ಬಣ್ಣ ಎದ್ದು ಕಾಣಬೇಕು ಎಂದಷ್ಟೇ ಯೋಚಿಸಿದ್ದ. ಚೀಲಕ್ಕೆ ಬೆನ್ನಿಲ್ಲ, ಬೆವರಿಲ್ಲ. ಅಂಗಿಯ ಒಳಗೆ ಒಬ್ಬರಿರುತ್ತಾರೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬಣ್ಣ ಕಣ್ಣಿಗೆ ಗೊತ್ತಾಗಬೇಕು, ಬೆನ್ನಿಗೆ ಗೊತ್ತಾಗಬಾರದು.

ಆದರೆ ಅದು ಸ್ವಲ್ಪ ಮಾಸಿತ್ತು. ಅದನ್ನೂ ಬಿಸಿಲಿಗೇ ಒಣಗಿಸಿದ್ದ. ಇನ್ನೊಂದು ತಕರಾರು ಬಟ್ಟೆಯದು. ಕೆಸರು ಕಾಣಬಾರದೆಂದು ಹೆಂಗಸರಿಗೆ ಕಡುಗಪ್ಪು ಬೇಕಿತ್ತು. ನೀರಿನ ಬಣ್ಣಕ್ಕೆ ತಿಳಿ ಬಟ್ಟೆಯೇ ಆಗಬೇಕು.

“ಕೆಸರಾಗ ಬಿಳೇ ಅಂಗಿ ತೊಟ್ಟು ಇಳೀರಿ ಅಂತೀರಿ? ನಾವೇನು ಎಲೆಕ್ಷನ್ನಿಗೆ ನಿಂತೀವೇನು?”

ವಾದ ಎಳೆಯುತ್ತಿರುವಾಗ ದ್ರಾಕ್ಷಾಯಿಣಿ ಚಹಾದ ಲೋಟಗಳನ್ನು ಎತ್ತಿಕೊಳ್ಳುತ್ತ ಒಂದರ ತಳ ತೋರಿಸಿದಳು. “ಈ ಬಣ್ಣ ಆಗಂಗಿಲ್ಲೇನು? ಕೆಸರು ಬಿದ್ರ ಕೆಸರಿನಂಗ ಕಾಣತೈತಿ, ಬೀಳದಿದ್ರ ಚಾದಂಗ ಕಾಣತೈತಿ.” ಚಹಾದ ಬಣ್ಣದ ಹತ್ತಿಬಟ್ಟೆ, ಮೇಲೆ ಕಡು ಹಸಿರು ಅಕ್ಷರ. ಅಲ್ಲಿಗೆ ಮುಗಿಯಿತು.

ಮಾಸುವ ತಕರಾರಿಗೆ ಉತ್ತರ ಪಕ್ಕದ ಮನೆಯಲ್ಲಿತ್ತು. ಅಲ್ಲಿ ಸೈದಾನಬಿ ಮೂವತ್ತು ವರ್ಷದಿಂದ ಇದ್ದಲಿಯ ಇಸ್ತ್ರಿ ಮಾಡುತ್ತಾಳೆ. ಕಬಡ್ಡಿಯ ಬನಿಯನ್ನುಗಳನ್ನು ಅವನು ತಗಡಿನ ಮೇಲೆ ಹಾಸಿದ ದಿನವೇ, “ಭಯ್ಯಾ, ಇಸ್ತ್ರಿ ಕಾವು ಬ್ಯಾರೆ, ಬಿಸಲಿನ ಕಾವು ಬ್ಯಾರೆ” ಎಂದು ಗೋಡೆಯಾಚೆಯಿಂದ ಹೇಳಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವನೇ ಅವಳ ಬಾಗಿಲಿಗೆ ಹೋಗಿ ನಿಂತ.

“ಏನು, ಸೂರ್ಯ ರಜಾ ಹಾಕ್ಯಾನೇನು?” ಎಂದು ಸೈದಾನಬಿ ತಲೆ ಎತ್ತದೆ ಕೇಳಿದಳು.

“ಅವನ ಕೆಲಸ ಅವ ಮಾಡ್ತಾನ ಬೂಬಮ್ಮಾ. ನನಗ ನಿನ್ನ ಕೆಲಸ ಬೇಕಾಗೇತಿ. ಬಣ್ಣ ಆರಿದ ಮ್ಯಾಲ ಅಂಗಿ ಒಳಮಗ್ಗಲಿನಿಂದ ಗಟ್ಟಿ ಕಾವು ಕೊಡಬೇಕು. ಒಂದೊಂದು ಕಡಿ ನಿಂತು ನಿಂತು.”

“ಅಷ್ಟು ಹೇಳಾಕ ಒಂದು ವರ್ಷ ಬೇಕಾತು. ತಗೊಂಬಾ.”

ಆ ವಾರ ಅಂಗಿಗಳು ಹೊಲಿದು ಬಂದವು. ಕಳಕೇಶ ಶುರು ಮಾಡಿದ ಮೊದಲ ದಿನವೇ ಹೊಸ ಪೀಡೆ. ಜೂನ್ ಅರ್ಧ ಕಳೆದಿದ್ದರೂ ಮಳೆಯಿಲ್ಲ, ಒಣಗಾಳಿ ಬೀಸುತ್ತಿತ್ತು. ನೀರಿನ ಬಣ್ಣ ಬಟ್ಟೆಗೆ ಇಳಿಯುವ ಮೊದಲೇ ಜಾಳಿಗೆಯ ಕಣ್ಣುಗಳಲ್ಲಿ ಒಣಗಿ ಕೂರುತ್ತಿತ್ತು. ಎರಡನೆಯ ಸಲ ಎಳೆಯುವಷ್ಟರಲ್ಲಿ ‘ಗುಂಪು’ ಎಂಬುದರ ಸೊನ್ನೆ ಕಟ್ಟಿಕೊಂಡಿತು. ಇಷ್ಟು ದಿನ ಅವನು ಹೊಗಳಿದ್ದ ಬಿಸಿಲೇ ಈಗ ಚೌಕಟ್ಟಿನೊಳಗೆ ಬಂದು ಕೂತು ಕಾಟ ಕೊಡುತ್ತಿತ್ತು.

ದ್ರಾಕ್ಷಾಯಿಣಿ ಅಟ್ಟ ಹತ್ತಿದಳು. ಅಲ್ಲಿ ಹಳೆಯ ಗೋಣಿಚೀಲಗಳ ಕಂತೆಯಿತ್ತು. ಕೊಡವಿ, ನೀರಿನಲ್ಲಿ ಅದ್ದಿ, ಮೇಜಿನ ಸುತ್ತ ಹಗ್ಗ ಕಟ್ಟಿ ಪರದೆಯಂತೆ ಇಳಿಬಿಟ್ಟಳು. ಗಾಳಿ ಒದ್ದೆ ಗೋಣಿಯನ್ನು ಹಾಯ್ದು ತಂಪಾಗಿ, ಹಸಿ ನಾರಿನ ವಾಸನೆ ಹೊತ್ತು ಒಳಗೆ ಬಂತು. ಕಳಕೇಶ ತಲೆಯೆತ್ತಿದ. ಸುತ್ತ ನಾಲ್ಕೂ ಕಡೆ ಅವನ ಗಿಳಿಗಳು ಕೂತಿದ್ದವು. ಮಿಲ್ಲಿನ ದಿನಗಳವು, ಮಾಸಿದವು. ಒದ್ದೆಯಾದಾಗ ಬಣ್ಣ ಗಾಢವಾಗಿ, ಈಗಷ್ಟೇ ಚೌಕಟ್ಟಿನ ಕೆಳಗಿನಿಂದ ಎದ್ದು ಬಂದಂತೆ ನೋಡುತ್ತಿದ್ದವು.

“ಇವನ್ನ ಎಲ್ಲಿಟ್ಟಿದ್ದಿ?”

“ನೀವು ಹೊರಗ ಚೆಲ್ಲು ಅಂದಿದ್ರಿ. ನನಗ ಮನಸ ಬರಲಿಲ್ಲ” ಎಂದಳು ದ್ರಾಕ್ಷಾಯಿಣಿ, ಚೊಂಬಿನಿಂದ ಗಿಳಿಗಳ ಮೇಲೆ ನೀರು ಚಿಮುಕಿಸುತ್ತ.

ನಾಲ್ಕು ದಿನ, ಸೂರ್ಯ ಮೇಲೇರುವ ಮೊದಲಿನ ತಂಪಿನಲ್ಲಿ, ಗಿಳಿಗಳ ನಡುವೆ ನಿಂತು ಕಳಕೇಶ ಅಂಗಿಗಳ ಮೇಲೆ ಬಣ್ಣ ಎಳೆದ. ಪ್ರತಿ ಅಂಗಿಯನ್ನೂ ಮೇಜಿನ ಮೇಲೆ ತಿರುಗಿಸಿ ಹಾಸುತ್ತಿದ್ದ, ಕುತ್ತಿಗೆ ತನ್ನ ಕಡೆಗೆ. ಅಕ್ಷರದ ಬುಡ ಕುತ್ತಿಗೆಗೆ, ತಲೆ ಸೊಂಟಕ್ಕೆ. ಮೊದಲ ಅಂಗಿಯ ಕುತ್ತಿಗೆ ಯಾವ ಕಡೆಗಿದೆಯೆಂದು ಎರಡು ಸಲ ನೋಡಿಕೊಂಡ. ಸೈದಾನಬಿ ಒಂದೊಂದನ್ನೂ ಒಳಮಗ್ಗಲು ಮಾಡಿ, ಇಸ್ತ್ರಿ ಊರಿ, ತುಟಿಯಲ್ಲಿ ಎಣಿಸಿ ಸರಿಸುತ್ತಿದ್ದಳು. ಮುಗಿದ ಅಂಗಿಯನ್ನು ಎತ್ತಿ ಹಿಡಿದು ಒಮ್ಮೆ ನೋಡಿದಳು. “ಭಯ್ಯಾ, ನಿನ್ನ ಕಣ್ಣು ಸರಿ ಅದಾವಲ್ಲ?”

“ಬಗ್ಗಿದಾಗ ಸರಿ ಆಕ್ಕೈತಿ.”

“ಯಾರು, ನೀನೋ ಅಂಗೀನೋ?”

ಜುಲೈಯಲ್ಲಿ ಮುನಿರಾಬಾದಿನ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತು. ಹುಲಗಮ್ಮನ ಗುಂಪು ಹೊಸ ಅಂಗಿ ತೊಟ್ಟು ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿತು. ಇಪ್ಪತ್ನಾಲ್ಕು ಚಹಾ ಬಣ್ಣದ ಬೆನ್ನುಗಳು, ಇಪ್ಪತ್ನಾಲ್ಕರ ಮೇಲೂ ತಲೆಕೆಳಗಾದ ಬರಹ. ಒಂದು ತಾಸಿನಲ್ಲಿ ಸುದ್ದಿ ಊರೆಲ್ಲ ಆಯಿತು. ಏಳನೇ ನಂಬರಿನವನು ಈ ಸಲ ಅಂಗಿಯನ್ನೇ ಉಲ್ಟಾ ಹೊಡೆದಿದ್ದಾನೆ! ಚಹಾದಂಗಡಿಯಲ್ಲಿ ಕತ್ತು ತಿರುಗಿಸಿ ಓದುವವರು, ಮೊಬೈಲಿನಲ್ಲಿ ಫೋಟೋ ಹಿಡಿದು ಮೊಬೈಲನ್ನೇ ತಿರುಗಿಸುವವರು. ಸಿದ್ದೇಶನ ಹಾರ್ನು ಅಂಗಡಿಯ ಮುಂದೆ ಆ ದಿನ ಮೂರು ಸಲ ಕೇಳಿತು.

“ಕಳಕೇಶಣ್ಣಾ, ಮೊದಲ ಉದುರ್ತಿತ್ತು, ಈಗ ಬೋರಲ ಬಿದ್ದೈತಿ!”

ಕಳಕೇಶ ಜಾಳಿಗೆ ತೊಳೆಯುವುದನ್ನು ಮುಂದುವರಿಸಿದ. ಕಾರಣ ಹೇಳಬಹುದಿತ್ತು. ಆದರೆ ನಗುವವರ ಎದುರು ಬಗ್ಗಿ ತೋರಿಸಲು ಅವನು ಹುಲಗಮ್ಮನಲ್ಲ. ಅವನನ್ನು ನಿಜವಾಗಿ ಕಾಡುತ್ತಿದ್ದುದು ಉಲ್ಟಾ ಬರಹವಲ್ಲ. ಈಗ ಆ ಅಂಗಿಗಳು ಕೆಸರಿನಲ್ಲಿದ್ದವು, ದಿನವೂ ಕಲ್ಲಿಗೆ ಬಡಿಸಿಕೊಳ್ಳುತ್ತಿದ್ದವು. ಮೂರು ಏಳು, ಇಪ್ಪತ್ನಾಲ್ಕು ಬೆನ್ನು. ಒಂದು ಮಾಸಿದರೂ ಆ ಹೆಂಗಸರ ಫೋನು ಯಾರದೋ ಮನೆಯಲ್ಲಿ ರಿಂಗಾಗುತ್ತದೆ, ಅವರು ಮತ್ತೆ ಯಂಕೋಬನ ಹಿಂದೆ ನಿಲ್ಲಬೇಕಾಗುತ್ತದೆ. ಹತ್ತು ದಿನ ಅವನು ಆ ಕಡೆ ಹೋಗುವ ಧೈರ್ಯ ಮಾಡಲಿಲ್ಲ. ಹನ್ನೊಂದನೆಯ ದಿನ ದ್ರಾಕ್ಷಾಯಿಣಿ ಬುತ್ತಿ ಕಟ್ಟಿ ಅವನ ಕೈಗಿಟ್ಟಳು. “ಊಟ ಗದ್ದಿ ಬದುವಿನ ಮ್ಯಾಲ ಮಾಡ್ರಿ. ಮನಿಯಾಗ ಕೂತು ತಲಿ ತಿನ್ನಬ್ಯಾಡ್ರಿ.”

ಗದ್ದೆ ಸಿದ್ದೇಶನ ತಂದೆಯದು ಎಂಬುದು ಅಲ್ಲಿಗೆ ಹೋದ ಮೇಲೆ ಅವನಿಗೆ ಗೊತ್ತಾಯಿತು. ಬದುವಿನ ತುದಿಯಲ್ಲಿ ಆ ಮೋಟರ್‌ಸೈಕಲ್ ನಿಂತಿತ್ತು, ಟ್ಯಾಂಕಿನ ಮೇಲೆ ಬಿಳಿಯ ಏಳು. ಪಕ್ಕದಲ್ಲಿ ಸಿದ್ದೇಶ. ತಿರುಗಿ ಹೋಗಿಬಿಡಲೇ ಎಂದುಕೊಂಡ ಕಳಕೇಶ. ಆದರೆ ಅಷ್ಟರಲ್ಲಿ ಕಣ್ಣು ಗದ್ದೆಯ ಮೇಲೆ ಬಿದ್ದಿತ್ತು.

ಕಾಲುವೆಯ ನೀರು ಆಕಾಶವನ್ನು ಹಿಡಿದು ನಿಂತಿತ್ತು. ಆ ನೀರಿನಲ್ಲಿ ಇಪ್ಪತ್ಮೂರು ಜನ ಒಂದೇ ಗೆರೆಯಲ್ಲಿ ಬಗ್ಗಿ, ಅವನ ಕಡೆಗೆ ಮುಖ ಮಾಡಿ, ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಿದ್ದರು. ಮುಖಗಳು ಕಾಣುತ್ತಿರಲಿಲ್ಲ. ಬೆನ್ನುಗಳು ಕಾಣುತ್ತಿದ್ದವು. ಬೆನ್ನಿನ ಮೇಲೆ, ಹಾಳೆಯ ಮೇಲೆ ಬರೆದಷ್ಟು ನೆಟ್ಟಗೆ, ಈ ತುದಿಯಿಂದ ಆ ತುದಿಯವರೆಗೆ ಹಸಿರಾಗಿ: ಹುಲಗಮ್ಮನ ಗುಂಪು, ಹುಲಗಮ್ಮನ ಗುಂಪು, ಹುಲಗಮ್ಮನ ಗುಂಪು. ಕೆಳಗೆ ನಂಬರು. ಕಳಕೇಶ ಏಳುಗಳನ್ನು ಹುಡುಕಿದ. ಪ್ರತಿ ಬೆನ್ನಿನ ಮೇಲೂ ಮೂರು ಇದ್ದವು.

ಸಿದ್ದೇಶ ಅವನನ್ನು ನೋಡಿ, ಅಭ್ಯಾಸಬಲದಿಂದ ನಗಲು ಬಾಯಿ ತೆರೆದು, ನಿಲ್ಲಿಸಿದ. ಅವನೂ ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದನೆಂದು ಕಾಣುತ್ತದೆ.

“ಅಲ್ಲಣ್ಣಾ, ಬೇಕಂತ ಹಂಗ ಹೊಡದಿದ್ದೇನು?”

“ನಾ ಅಲ್ಲ, ಹುಲಗಮ್ಮ ಹೊಡಿಸಿದ್ದು.”

ಅಂದು ಅಡುಗೆಗೆ ಉಳಿದವಳ ಒಗೆದ ಅಂಗಿಯನ್ನು ಜಾಲಿ ಕಂಟಿಯ ಮೇಲೆ ಒಣಹಾಕಿದ್ದರು. ಸಿದ್ದೇಶ ಅದರ ಹತ್ತಿರ ಹೋಗಿ ಉಗುರಿನಿಂದ ಏಳನ್ನು ಕೆರೆದ. ಇನ್ನೊಮ್ಮೆ, ಜೋರಾಗಿ. ಹೆಬ್ಬೆರಳಿಂದ ಉಜ್ಜಿದ. ಕೈ ನೋಡಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ.

“ಬರಂಗಿಲ್ಲಲ್ಲೋ ಯಪ್ಪಾ” ಎಂದ ಮೆಲ್ಲಗೆ. ಆಮೇಲೆ ಇವನ ಕಡೆ ತಿರುಗಿದ. “ಕಳಕೇಶಣ್ಣಾ, ದೀಪಾವಳಿಗೆ ಕುಷ್ಟಗಿಯಾಗ ಪಂದ್ಯ ಐತಿ. ನಮ್ಮ ಜರ್ಸಿಗೂ ಇದನ್ನ ಹೊಡದು ಕೊಡು.”

ಒಂದು ವರ್ಷದಿಂದ ಕಾಯುತ್ತಿದ್ದ ಮಾತು. ಹೋದ ವರ್ಷದ ಕಳಕೇಶನಾಗಿದ್ದರೆ ಅಲ್ಲೇ ಹೂಂ ಅಂದುಬಿಡುತ್ತಿದ್ದ.

“ನಿಂದು ಯಾ ಬಟ್ಟಿ? ಹೊಸಾ ಜರ್ಸಿ, ಜಾರೂದು? ಅದು ಹತ್ತಿ ಅಲ್ಲ, ಇದು ಅದರೊಳಗ ಇಳಿಯಂಗಿಲ್ಲ. ಅದಕ ಬ್ಯಾರೆ ದಾರಿ ನೋಡಬೇಕು.” ಬುತ್ತಿಯ ಗಂಟು ಬಿಚ್ಚುತ್ತ ಬದುವಿನ ಮೇಲೆ ಕೂತ. “ಮೂರು ತುಂಡು ಮಾಡಿ ಒಂದು ಜರ್ಸಿಗೆ ಹೊಲದು ಕೊಡ್ತೀನಿ. ಹದಿನೈದು ದಿನ ತೊಟ್ಟು ಆಡು, ಬೀಳು, ಮಂದಿ ಕಡಿಂದ ಜಗ್ಗಿಸಿಕೋ. ಆಮ್ಯಾಲ ಬಾ. ನಿನ್ನ ಬೆನ್ನು ಏನನ್ನತೈತಿ ಕೇಳಿ ಹೊಡಿಯೂನು.”

“ಅದೇನು ಅಷ್ಟು ದೊಡ್ಡ ಪರೀಕ್ಷಾ?”

“ಹುಲಗಮ್ಮ ಬರದು ಪಾಸಾಗ್ಯಾಳ. ನೀ ಕ್ಯಾಪ್ಟನ್ ಅದಿ.”

ಸಿದ್ದೇಶ ನಕ್ಕ. ಈ ಸಲದ ನಗುವಿನಲ್ಲಿ ಕಳಕೇಶನಿಗೂ ಜಾಗವಿತ್ತು. ಇಬ್ಬರೂ ರೊಟ್ಟಿ ಮುರಿದುಕೊಂಡರು.

ಆಗ ಗದ್ದೆಯ ನಡುವೆ ಫೋನು ರಿಂಗಾಯಿತು. ಸಾಲಿನ ಮಧ್ಯದಲ್ಲಿ ಹುಲಗಮ್ಮ ಎದ್ದು ನಿಂತಳು. ಕೆಸರುಗೈಯನ್ನು ಸೀರೆಗೆ ಒರೆಸಿ, ಸೊಂಟದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಮೊಬೈಲನ್ನು ಬಿಚ್ಚಿ ಕಿವಿಗೆ ಹಿಡಿದಳು.

“ಹಲೋ, ಯಾರ್ರಿ? ... ಹೌದ್ರಿ, ನಾನಽ ಹುಲಗಮ್ಮ... ಎಲ್ಲಿಂದ ಮಾತಾಡಾಕತ್ತೀರಿ?”

ಉತ್ತರ ಕೇಳಿ ಆಕೆ ತಲೆಯೆತ್ತಿ ಸುತ್ತ ನೋಡಿದಳು. ಬಲಗಡೆಯ ರಸ್ತೆ ಗದ್ದೆಯ ಮೂಲೆಗೆ ತಿರುಗಿ ಕಳಕೇಶ ಕೂತಿದ್ದ ಬದುವಿಗೇ ಬಂದು ಸೇರುತ್ತಿತ್ತು. ಆ ತಿರುವಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಇಟ್ಟು ಒಬ್ಬ ರೈತ ಇವರ ಕಡೆಗೇ ನೋಡುತ್ತಿದ್ದ. ಹುಲಗಮ್ಮ ಫೋನು ಹಿಡಿದ ಕೈಯನ್ನೇ ಎತ್ತಿ ಬೀಸಿದಳು. ಅವನೂ ಬೀಸಿದ.

“ಶುಕ್ರವಾರ ಬರ್ತೀವ್ರಿ. ಸಸಿ ಕಿತ್ತು ಇಟ್ಟಿರ್ರಿ” ಎಂದು ಆಕೆ ಹೇಳಿದ್ದು ಬದುವಿನವರೆಗೂ ಕೇಳಿಸಿತು. ಫೋನನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬದುವಿನ ಮೇಲೆ ರೊಟ್ಟಿ ಹಿಡಿದು ಕೂತಿದ್ದ ಕಳಕೇಶ ಆಗ ಕಣ್ಣಿಗೆ ಬಿದ್ದ. ಒಂದು ಗಳಿಗೆ ನೋಡಿದಳು. ಬಗ್ಗಿ, ತನ್ನ ಬೆನ್ನನ್ನು ಅವನಿಗೆ ಓದಲು ಕೊಟ್ಟು, ಸಸಿ ಊರತೊಡಗಿದಳು.